ಮಳೆ, ಚೆಲ್ಲೊ, ಒಂದು ಕಾರು

ಜೋರು ಮಳೆ. ಹದಿನಾರರ ಜೆನ್ನಿ ಚೆಲ್ಲೊ ವಾದ್ಯ ಹಿಡಿದು ನೆನೆಯುತ್ತಾ ನಿಂತಿದ್ದಾಳೆ. ಅವಳಿಗಿಂತ ಎಷ್ಟೋ ದೊಡ್ಡವನಾದ ಡೇವಿಡ್ ಕಾರು ನಿಲ್ಲಿಸುತ್ತಾನೆ. ‘ಹತ್ತು’ ಅನ್ನುವುದಿಲ್ಲ. ವಾದ್ಯ ಮಾತ್ರ ಕಾರಿನಲ್ಲಿಡು, ನೀನು ಪಕ್ಕದಲ್ಲೇ ನಡೆದು ಬಾ ಅನ್ನುತ್ತಾನೆ. ಸ್ವಲ್ಪ ಹೊತ್ತಿಗೆ, ಒಳಗೆ ಕೂರಲೇ ಎಂದು ಕೇಳುವವಳು ಅವಳೇ. 2009ರ ‘ಆ್ಯನ್ ಎಜುಕೇಶನ್’ ಚಿತ್ರದ ಈ ದೃಶ್ಯದಲ್ಲಿ ಗ್ರೂಮಿಂಗ್‌ನ, ಅಂದರೆ ವಿಶ್ವಾಸ ಗಳಿಸಿ ಎಳೆಯರನ್ನು ಬಲೆಗೆ ಬೀಳಿಸುವುದರ, ಮೊದಲ ಪಾಠವಿದೆ: ಬಲವಂತವಿಲ್ಲ, ನಿರ್ಧಾರ ತನ್ನದೇ ಎಂದು ಹುಡುಗಿಗೇ ಅನ್ನಿಸಬೇಕು. ಆಮೇಲೆ ಅವನು ಗಾಳ ಹಾಕುವುದು ಮನೆಯವರಿಗೆ. ಸಾಹಿತಿ ಸಿ. ಎಸ್. ಲೂಯಿಸ್ ತನಗೆ ಪರಿಚಯ ಎಂದು ಸುಳ್ಳು ಹೇಳುತ್ತಾನೆ, ಪುಸ್ತಕದ ಮೇಲೆ ಅವರ ಸಹಿಯನ್ನೂ ತಾನೇ ಗೀಚುತ್ತಾನೆ. ಮಗಳನ್ನು ಆಕ್ಸ್‌ಫರ್ಡಿಗೆ ಕಳಿಸುವ ಕನಸಿನ ಅಪ್ಪ ಕರಗಿಹೋಗುತ್ತಾನೆ.

ಇಷ್ಟು ಚೆಂದವಾಗಿ ತೋರಿಸಿದರೆ ವೈಭವೀಕರಣವಲ್ಲವೇ? ಆಕ್ಷೇಪ ಸಣ್ಣದಲ್ಲ. ಆದರೆ ಡೇವಿಡ್‌ಗೆ ಖಳನ ಮುಖ, ಖಳನ ಸಂಗೀತ ಕೊಟ್ಟಿದ್ದರೆ ನಾವು ಮೊದಲ ದೃಶ್ಯದಲ್ಲೇ ಅವನನ್ನು ಗುರುತಿಸಿ, ಹುಡುಗಿಯೇ ದಡ್ಡಿ ಅನ್ನುತ್ತಿದ್ದೆವು. ನಾವೂ ಮರುಳಾದಾಗಲೇ ಬಲೆಯ ಹೆಣಿಗೆ ಕಾಣುವುದು. ಚಿತ್ರ ಜಾರುವುದು ಕೊನೆಯಲ್ಲಿ, ಜೆನ್ನಿಯ ಗಾಯ ತೀರಾ ಬೇಗ ಮಾಯುತ್ತದೆ. ನೋಡುವುದಾದರೆ, ಡೇವಿಡ್‌ನನ್ನು ಬಿಟ್ಟು ಆ ಅಪ್ಪನ ಮುಖವನ್ನೇ ಗಮನಿಸಿ.