ಫೋನು ಮರೆತು ಹೊರಟರೆ ಎಚ್ಚರಿಸುವ ಸಲಕರಣೆಗಳು

ಕಳೆದ ಬೇಸಿಗೆಯ ಒಂದು ಸಂಜೆ. ಕೆಳಗಿನ ತೋಟಕ್ಕೆ ನೀರು ಬಿಡಲೆಂದು ಹಳ್ಳದ ಬದಿಯ ಪಂಪ್ ಶೆಡ್ಡಿಗೆ ಹೋಗಿದ್ದೆ. ಒಂದು ಫೇಸಿನ ಫ್ಯೂಸು ಹೋಗಿತ್ತು. ಶೆಡ್ಡಿನೊಳಗೆ ಕತ್ತಲೆ. ಫೋನಿನ ಟಾರ್ಚು ಹಾಕಿ ಸ್ಟಾರ್ಟರ್ ಪೆಟ್ಟಿಗೆಯ ಮೇಲೆ ನಿಲ್ಲಿಸಿಕೊಂಡು, ಫ್ಯೂಸು ಕಟ್ಟಿ, ಮೋಟಾರು ಚಾಲೂ ಮಾಡಿದೆ. ನೀರು ಏರಿತು, ಮನಸ್ಸಿಗೆ ಸಮಾಧಾನವಾಯಿತು, ಹೊರಟೆ. ದಾರಿಯಲ್ಲಿ ಅಡಿಕೆ ದಬ್ಬೆಯ ಸಂಕದ ಮೇಲೆ ಕಾಲು ಜಾರಿ ಕಪ್ಪಿನೊಳಗೆ ಬಿದ್ದೆ. ಪಾದ ಹೊರಳಿತ್ತು, ಏಳಲಾಗಲಿಲ್ಲ. ಜೇಬಿಗೆ ಕೈ ಹಾಕಿದರೆ ಫೋನು ಇಲ್ಲ. ಕೂಗಿದರೆ ಮೋಟಾರಿನ ಸದ್ದು ಮತ್ತು ಸ್ಪ್ರಿಂಕ್ಲರಿನ ಸದ್ದು. ಕತ್ತಲಾದ ಮೇಲೆ ಮನೆಯವರು ಫೋನು ಮಾಡಿ ಮಾಡಿ, ಉತ್ತರ ಬಾರದೆ, ಪಕ್ಕದ ಮನೆಯ ಹುಡುಗನನ್ನು ಕಳುಹಿಸುವಲ್ಲಿಯವರೆಗೆ ಸುಮಾರು ಒಂದೂವರೆ ಗಂಟೆ ಅಲ್ಲೇ ಕುಳಿತಿದ್ದೆ. ಹಾವು ಕಾಣಿಸಲಿಲ್ಲವೆಂಬುದೊಂದೇ ಪುಣ್ಯ. ಅಷ್ಟು ಹೊತ್ತೂ ಫೋನು ನೂರೈವತ್ತು ಅಡಿ ಆಚೆ, ಪೆಟ್ಟಿಗೆಯ ಮೇಲೆ, ಟಾರ್ಚು ಉರಿಸಿಕೊಂಡು ನಿಂತೇ ಇತ್ತು.

ಆ ಮೇಲೆ ಹದಿನೈದು ದಿನ ಮಂಚದ ಮೇಲೆ ಇದ್ದಾಗ, ಫೋನು ಮರೆತು ಹೊರಟರೆ ಎಚ್ಚರಿಸುವ ಸಲಕರಣೆಗಳು ಇವೆಯಂತಲ್ಲ, ಅವು ನಮ್ಮ ತೋಟಗಳಲ್ಲಿ ಎಷ್ಟರಮಟ್ಟಿಗೆ ಪ್ರಯೋಜನಕ್ಕೆ ಬಂದಾವು ಎಂದು ವಿಚಾರಿಸತೊಡಗಿದೆ. ತಿಳಿದುಕೊಂಡದ್ದನ್ನೂ ಸ್ವತಃ ಪರೀಕ್ಷಿಸಿ ನೋಡಿದ್ದನ್ನೂ ಸದಸ್ಯರ ಗಮನಕ್ಕೆ ತರುತ್ತಿದ್ದೇನೆ.

ಮರೆವು ವಯಸ್ಸಿನಿಂದಲೇ ಬರುತ್ತದೆಂದು ನಾವು ತಿಳಿಯುವುದುಂಟು. ಅದು ಪೂರ್ತಿ ಸರಿಯಲ್ಲ. ಈ ಬಗೆಯ ಮರೆವಿಗೆ ಮನಶ್ಶಾಸ್ತ್ರಜ್ಞರು ಒಂದು ವಿವರಣೆ ಕೊಡುತ್ತಾರೆ. ನಾವು ಯಾವ ಕೆಲಸಕ್ಕಾಗಿ ಹೋಗಿದ್ದೆವೋ ಅದು ಮುಗಿದ ಕೂಡಲೇ ಮನಸ್ಸು ಅಲ್ಲಿಂದ ಎದ್ದುಬಿಡುತ್ತದೆ. ಆ ಕೆಲಸದ ಬಾಲದಂತೆ ಉಳಿದ ಚಿಕ್ಕ ಕ್ರಿಯೆ ಬಿಟ್ಟುಹೋಗುತ್ತದೆ. ಜೆರಾಕ್ಸ್ ಪ್ರತಿಯನ್ನು ತೆಗೆದುಕೊಂಡು ಮೂಲ ಕಾಗದವನ್ನು ಯಂತ್ರದಲ್ಲೇ ಬಿಟ್ಟುಬರುವುದು ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ. ಬ್ಯಾಂಕಿನ ಎ.ಟಿ.ಎಂ. ಯಂತ್ರಗಳಲ್ಲಿಯೂ ಹೀಗೇ ಆಗುತ್ತಿತ್ತು. ಹಣ ಮೊದಲು ಬಂದರೆ ಜನ ಹಣ ಹಿಡಿದು, ಕಾರ್ಡು ಬಿಟ್ಟು ಹೊರಡುತ್ತಿದ್ದರು. ಆದುದರಿಂದ ಬಹಳಷ್ಟು ಯಂತ್ರಗಳಲ್ಲಿ ಕಾರ್ಡು ಹಿಂತೆಗೆದುಕೊಂಡ ನಂತರವೇ ಹಣ ಹೊರಬರುವಂತೆ ಕ್ರಮ ಬದಲಾಯಿಸಿದರು. ನನ್ನ ಮಟ್ಟಿಗೆ ನೀರು ಏರಿದ್ದೇ ಹಣ, ಫೋನೇ ಕಾರ್ಡು. ಫ್ಯೂಸು ಕಟ್ಟುವ ಮೊದಲೇ ಫೋನು ಮರೆಯುವ ಸಂಭವ ಇರಲಿಲ್ಲ. ಬಾಡಿಗೆ ಕಾರುಗಳಲ್ಲಿ ಪ್ರಯಾಣಿಕರು ಬಿಟ್ಟುಹೋದ ವಸ್ತುಗಳ ಪಟ್ಟಿಯನ್ನು ಊಬರ್ ಕಂಪೆನಿಯವರು ಆಗಾಗ ಪ್ರಕಟಿಸುತ್ತಾರೆ. ಅದರಲ್ಲಿಯೂ ಫೋನುಗಳದು ಮುಂದಿನ ಸಾಲು. ಇಳಿಯುವ ಜಾಗ ಬಂತೆಂದರೆ ಕೆಲಸ ಮುಗಿಯಿತು ತಾನೇ.

ವಸ್ತುವನ್ನು ಹುಡುಕಿಕೊಡುವ ಉಪಕರಣ ಹೊಸದೇನೂ ಅಲ್ಲ. ಸಿಳ್ಳು ಹಾಕಿದರೆ ಯಾ ಚಪ್ಪಾಳೆ ತಟ್ಟಿದರೆ ಕೂಗುವ ಕೀಲಿಗೊಂಚಲುಗಳು ಒಂದು ಕಾಲದಲ್ಲಿ ಪೇಟೆಗೆ ಬಂದಿದ್ದವು. ಅವು ನಾಯಿ ಬೊಗಳಿದರೂ, ಪಾತ್ರೆ ಬಿದ್ದರೂ ಕೂಗುತ್ತಿದ್ದುದರಿಂದ ಹೆಚ್ಚು ಕಾಲ ಬಾಳಲಿಲ್ಲ. ಈಗ ಬರುವವು ಸದ್ದನ್ನಲ್ಲ, ರೇಡಿಯೋ ಅಲೆಯನ್ನು ನಂಬಿಕೊಂಡಿವೆ. ಬ್ಲೂಟೂತ್ ಎಂಬ ಈ ವ್ಯವಸ್ಥೆಗೆ ಹತ್ತನೇ ಶತಮಾನದ ಡೆನ್ಮಾರ್ಕಿನ ಹೆರಾಲ್ಡ್ ಎಂಬ ಅರಸನ ಅಡ್ಡಹೆಸರನ್ನು ಇಟ್ಟಿದ್ದಾರೆ. 2010ರಲ್ಲಿ ಇದರ ನಾಲ್ಕನೆಯ ಆವೃತ್ತಿ ಬಂದಾಗ ಅತಿ ಕಡಿಮೆ ವಿದ್ಯುತ್ತಿನಲ್ಲಿ ಕೆಲಸ ಮಾಡುವ ವಿಧಾನ ಸೇರಿತು. ಒಂದು ರೂಪಾಯಿ ನಾಣ್ಯದಂಥ ಚಪ್ಪಟೆ ಸೆಲ್ಲಿನಲ್ಲಿ ಒಂದು ವರ್ಷ ನಡೆಯುವ ಉಪಕರಣಗಳು ಬಂದದ್ದು ಇದರಿಂದಲೇ.

ಕೆಲಸ ಮಾಡುವ ಕ್ರಮ ಹೀಗೆ. ಫೋನು ಮತ್ತು ಅದಕ್ಕೆ ಜೋಡಿ ಮಾಡಿದ ಉಪಕರಣ, ಎರಡೂ ಒಂದಕ್ಕೊಂದು ಸದ್ದಿಲ್ಲದೆ ಮಾತಾಡುತ್ತಿರುತ್ತವೆ. ಕತ್ತಲೆಯಲ್ಲಿ ತೋಟ ಇಳಿಯುವ ಇಬ್ಬರು ಆಗಾಗ ‘ಹೋಯ್’ ಎಂದು ಕೂಗಿ, ಆಚೆಯವನು ‘ಓ’ ಅಂದುದನ್ನು ಕೇಳಿ ಮುಂದೆ ಹೋಗುತ್ತಾರಷ್ಟೆ, ಹಾಗೆ. ಈ ಕೂಗು ಸೆಕೆಂಡಿಗೆ ಹಲವು ಸಲವೋ, ಕೆಲವು ಸೆಕೆಂಡಿಗೆ ಒಂದು ಸಲವೋ ನಡೆಯುತ್ತದೆ. ಗೊತ್ತುಮಾಡಿದ ಅವಧಿಯವರೆಗೆ ಉತ್ತರ ಬಾರದಿದ್ದರೆ ಜೋಡಿ ಕಡಿಯಿತೆಂದು ತೀರ್ಮಾನ. ಈ ಅವಧಿ ಹೆಚ್ಚೆಂದರೆ 32 ಸೆಕೆಂಡು ಇರಬಹುದೆಂದು ನಿಯಮವಿದೆ. ತೀರ್ಮಾನವಾದೊಡನೆ ಗಂಟೆ ಬಾರಿಸಬೇಕು ಯಾ ಕಂಪಿಸಬೇಕು. ಇದಕ್ಕೆ ಮೊಬೈಲ್ ಟವರಾಗಲಿ ಅಂತರ್ಜಾಲವಾಗಲಿ ಬೇಕಿಲ್ಲ. ನೆಟ್‌ವರ್ಕ್ ಸಿಗಬೇಕಾದರೆ ಗುಡ್ಡ ಹತ್ತಬೇಕಾದ ನಮ್ಮಂಥವರಿಗೆ ಇದು ದೊಡ್ಡ ಅನುಕೂಲ.

ಇನ್ನು ಮುಖ್ಯವಾದ ಮಾತು. ಗಂಟೆ ಯಾವ ಕಡೆಯಲ್ಲಿ ಬಾರಿಸಬೇಕು? ಅಂಗಡಿಗಳಲ್ಲಿ ಸಿಗುವ ‘ಟ್ಯಾಗ್’ ಎಂಬ ಬಿಲ್ಲೆಗಳು ಹೆಚ್ಚಾಗಿ ಕೀಲಿಗೊಂಚಲಿಗೆ, ಚೀಲಕ್ಕೆ ಕಟ್ಟುವಂಥವು. ಕೀಲಿ ಬಿಟ್ಟು ಹೊರಟರೆ ಕೈಯಲ್ಲಿರುವ ಫೋನು ಎಚ್ಚರಿಸುತ್ತದೆ. ಸರಿಯೇ. ಆದರೆ ಫೋನನ್ನೇ ಬಿಟ್ಟು ಹೊರಟರೆ? ಎಚ್ಚರಿಸಬೇಕಾದ ಫೋನು ಪಂಪ್ ಶೆಡ್ಡಿನಲ್ಲಿ ಕುಳಿತು, ‘ಕೀಲಿಗೊಂಚಲು ದೂರ ಹೋಯಿತು’ ಎಂದು ಗೋಡೆಗೆ ಹೇಳಿಕೊಳ್ಳುತ್ತದೆ. ನಾನು ಮೊದಲು ಕೊಂಡದ್ದು ಇಂಥದೇ. ಅಂಗಡಿಯವನು ‘ಫೋನು ಮರೆಯುವುದೇ ಇಲ್ಲ ಸಾರ್’ ಎಂದು ಕೊಟ್ಟ. ನಾನೂ ವಿಚಾರ ಮಾಡದೆ ತಂದೆ. ದುಡ್ಡು ದಂಡ ಎನ್ನುವಂತಿಲ್ಲ, ಈಗ ಅದು ಜೀಪಿನ ಕೀಲಿಯಲ್ಲಿದೆ.

2021ರಲ್ಲಿ ಆಪಲ್ ಕಂಪೆನಿ ಹೊರತಂದ ಏರ್‌ಟ್ಯಾಗ್ ಬಿಲ್ಲೆಗೆ ಒತ್ತುವ ಗುಂಡಿಯೇ ಇರಲಿಲ್ಲ. ಅಮೆರಿಕದ ಟೈಲ್ ಕಂಪೆನಿಯ ಬಿಲ್ಲೆಗಳಲ್ಲಿ, ಸ್ಯಾಮ್‌ಸಂಗಿನ ಸ್ಮಾರ್ಟ್‌ಟ್ಯಾಗಿನಲ್ಲಿ, ನಮ್ಮಲ್ಲಿ 2023ರಲ್ಲಿ ಬಂದ ಜಿಯೋಟ್ಯಾಗಿನಲ್ಲಿ ಗುಂಡಿಯನ್ನು ಎರಡು ಸಲ ಒತ್ತಿದರೆ ಹತ್ತಿರವೆಲ್ಲೋ ಇರುವ ಫೋನು ಗಂಟೆ ಬಾರಿಸುತ್ತದೆ. ಸ್ಯಾಮ್‌ಸಂಗಿನದು ಅದೇ ಕಂಪೆನಿಯ ಗ್ಯಾಲಕ್ಸಿ ಫೋನುಗಳಿಗೆ ಮಾತ್ರ ಹೊಂದುತ್ತದೆ, ಕೊಳ್ಳುವಾಗ ಜೋಕೆ. ಕಾಫಿ ಕಣದಲ್ಲಿ ಟರ್ಪಾಲಿನ ಕೆಳಗೋ, ಅಡಿಕೆ ರಾಶಿಯ ಪಕ್ಕದಲ್ಲೋ ಇಟ್ಟು ಮರೆತ ಫೋನನ್ನು ಹುಡುಕಲು ಇದು ಒಳ್ಳೆಯದು. ಆದರೆ ಮರೆತೆನೆಂದು ಹೊಳೆದ ಮೇಲೆ ತಾನೇ ಗುಂಡಿ ಒತ್ತುವುದು? ಹೊಳೆಯಿಸುವ ಕೆಲಸ ಅದು ಮಾಡುವುದಿಲ್ಲ.

ಆದುದರಿಂದ ಫೋನನ್ನು ನೆನಪಿಸುವ ಸಲಕರಣೆ ಮೈಮೇಲೆ ಇರಬೇಕು, ಮತ್ತು ಗಂಟೆ ಅದರಲ್ಲಿ ಬಾರಿಸಬೇಕು. ಈಗ ಸಿಗುವುದರಲ್ಲಿ ಈ ಎರಡು ಗುಣವೂ ಇರುವುದು ಕೈಗೆ ಕಟ್ಟುವ ಸ್ಮಾರ್ಟ್ ವಾಚು ಯಾ ಬ್ಯಾಂಡು. ಇವುಗಳಲ್ಲಿ ಹಲವಕ್ಕೆ ಫೋನಿನ ಸಂಪರ್ಕ ತಪ್ಪಿದಾಗ ಮಣಿಕಟ್ಟಿನಲ್ಲಿ ಕಂಪಿಸುವ ಸೌಲಭ್ಯ ಇದೆ; ಎಲ್ಲಕ್ಕೂ ಇಲ್ಲ. ಇದ್ದರೂ ಅನೇಕ ಸಲ ಅದನ್ನು ನಾವೇ ಚಾಲೂ ಮಾಡಿಕೊಳ್ಳಬೇಕು. ಕೊಳ್ಳುವಾಗ ಹೆಜ್ಜೆ ಎಣಿಸುತ್ತದೆಯೇ, ರಕ್ತದ ಆಮ್ಲಜನಕ ತೋರಿಸುತ್ತದೆಯೇ ಎಂದು ಕೇಳುತ್ತ ಕೂರಬೇಡಿ. ಅಂಗಡಿಯಲ್ಲೇ ಜೋಡಿ ಮಾಡಿಸಿ, ಫೋನನ್ನು ಮೇಜಿನ ಮೇಲೆ ಬಿಟ್ಟು, ವಾಚು ಕಟ್ಟಿಕೊಂಡು ರಸ್ತೆಗೆ ಇಳಿದು ನಡೆಯಿರಿ. ಮಣಿಕಟ್ಟು ನಡುಗಿದರೆ ಕೊಳ್ಳಿ, ಇಲ್ಲದಿದ್ದರೆ ಬಿಡಿ. (ಫೋನಿನ ಪಕ್ಕದಲ್ಲಿ ಪರಿಚಯದವರೊಬ್ಬರನ್ನು ನಿಲ್ಲಿಸುವುದನ್ನು ಮರೆಯಬಾರದು.) ಸದ್ದು ಮಾಡುವುದಕ್ಕಿಂತ ಕಂಪಿಸುವುದೇ ನಮಗೆ ಮೇಲು. ಪಲ್ಪರ್ ಯಾ ಅಡಿಕೆ ಸುಲಿಯುವ ಯಂತ್ರದ ಮುಂದೆ ಇಷ್ಟು ಚಿಕ್ಕ ಉಪಕರಣದ ಕೂಗು ಯಾರ ಕಿವಿಗೂ ಬೀಳುವುದಿಲ್ಲ.

ಎಷ್ಟು ದೂರ ಹೋದಾಗ ಎಚ್ಚರಿಸುತ್ತದೆ? ಪೆಟ್ಟಿಗೆಯ ಮೇಲೆ ಬರೆದ ಮೀಟರುಗಳನ್ನು ನಂಬಿ ಕೂರಬಾರದು. ತೆರೆದ ಬಯಲಿನಲ್ಲಿ ದೂರ ಎರಡರಷ್ಟಾದರೆ ಅಲೆಯ ಶಕ್ತಿ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ತೋಟದಲ್ಲಿ ಇಳಿಕೆ ಇನ್ನೂ ಹೆಚ್ಚು. ಬ್ಲೂಟೂತಿನ ಅಲೆ 2.4 ಗಿಗಾಹರ್ಟ್ಸ್‌ನ ಆಸುಪಾಸಿನದು. ಅಡುಗೆಮನೆಯ ಮೈಕ್ರೋವೇವ್ ಒಲೆಯದೂ ಹೆಚ್ಚು ಕಡಿಮೆ ಅದೇ. ಆ ಒಲೆ ಪದಾರ್ಥದೊಳಗಿನ ನೀರಿಗೆ ಅಲೆ ಹೀರಿಸಿ ಬಿಸಿಮಾಡುತ್ತದೆ. ಎಂದ ಮೇಲೆ ಮಳೆಯಲ್ಲಿ ತೊಯ್ದ ಕಾಫಿ ಗಿಡಗಳ ಎಲೆ, ರಸ ತುಂಬಿದ ಅಡಿಕೆ ಮತ್ತು ಬಾಳೆಯ ಕಾಂಡ, ಮಣ್ಣಿನ ದರೆ, ನೀರೇ ಹೆಚ್ಚಾಗಿರುವ ನಮ್ಮ ಶರೀರ, ಎಲ್ಲವೂ ಈ ಅಲೆಗೆ ಅಡ್ಡಿಯೇ. ನನ್ನ ವಾಚು ಮನೆಯ ಅಂಗಳದಲ್ಲಿ ನಲವತ್ತು ಹೆಜ್ಜೆಗೆ ನಡುಗುತ್ತದೆ. ಮಳೆಗಾಲದ ಕಾಫಿ ತೋಟದಲ್ಲಿ ಹದಿನೈದು ಹೆಜ್ಜೆಗೇ ನಡುಗಿತು. ಮರೆವಿನ ದೃಷ್ಟಿಯಿಂದ ಇದು ಕೆಡುಕಲ್ಲ, ಬೇಗ ಎಚ್ಚರಿಸಿದಷ್ಟೂ ಹಿಂದಿರುಗುವ ದಾರಿ ಕಡಿಮೆ. ತೊಂದರೆ ಬೇರೆ ಕಡೆ. ಎಡಗೈಯಲ್ಲಿ ವಾಚು, ಪ್ಯಾಂಟಿನ ಬಲಗಡೆಯ ಹಿಂಜೇಬಿನಲ್ಲಿ ಫೋನು, ಮೈಯೆಲ್ಲ ಒದ್ದೆ, ಮೇಲೆ ಪ್ಲಾಸ್ಟಿಕ್ ಕೊಪ್ಪೆ. ಇಂಥ ಸ್ಥಿತಿಯಲ್ಲಿ ಫೋನು ಜೇಬಿನಲ್ಲೇ ಇದ್ದರೂ ಒಮ್ಮೊಮ್ಮೆ ಜೋಡಿ ಕಡಿದು ಸುಳ್ಳು ಎಚ್ಚರಿಕೆ ಬರುತ್ತದೆ. ಫೋನನ್ನು ವಾಚಿರುವ ಕಡೆಯ ಮುಂದಿನ ಜೇಬಿಗೆ ಬದಲಾಯಿಸಿದ ಮೇಲೆ ನನಗೆ ಇದು ಬಹುಮಟ್ಟಿಗೆ ನಿಂತಿತು.

ಸುಳ್ಳು ಎಚ್ಚರಿಕೆಯನ್ನು ಸಣ್ಣದೆಂದು ತಳ್ಳಿಹಾಕಬಾರದು. ಮನೆಯಲ್ಲಿ ಜಗುಲಿಯ ಮೇಲೆ ಫೋನಿಟ್ಟು ಕೊಟ್ಟಿಗೆಗೆ ಹೋದರೆ ನಡುಕ, ಬಚ್ಚಲಿಗೆ ಹೋದರೆ ನಡುಕ. ಮೂರನೆಯ ದಿನ ಬೇಸತ್ತು ಸೌಲಭ್ಯವನ್ನೇ ನಿಲ್ಲಿಸಿಬಿಡುತ್ತೇವೆ. ಇದನ್ನು ತಿಳಿದೇ ಆಪಲ್ ಕಂಪೆನಿಯವರು 2021ರಲ್ಲಿ ‘ಬಿಟ್ಟುಹೋದಾಗ ತಿಳಿಸು’ ಎಂಬ ಸೌಲಭ್ಯ ತಂದಾಗ, ಮನೆಯಂಥ ನಂಬಿಕೆಯ ಜಾಗಗಳಲ್ಲಿ ಎಚ್ಚರಿಸದಂತೆ ವಿನಾಯಿತಿ ಕೊಡುವ ಏರ್ಪಾಡನ್ನೂ ಸೇರಿಸಿದರು. ಪೇಟೆಯವರಿಗೆ ಇದು ಸರಿ. ಅವರು ಫೋನು ಕಳೆದುಕೊಳ್ಳುವುದು ಮನೆಯ ಹೊರಗೆ. ನಮ್ಮ ಸಂಗತಿ ತದ್ವಿರುದ್ಧ. ನಾವು ಫೋನು ಬಿಟ್ಟು ಹೊರಡುವುದು ಮನೆಯಿಂದ, ಹೋಗುವುದು ಮನೆಯ ಹಿಂದಿನ ತೋಟಕ್ಕೆ. ಮನೆಗೆ ವಿನಾಯಿತಿ ಕೊಟ್ಟರೆ ಬೇಕಾದ ಹೊತ್ತಿಗೇ ಸಲಕರಣೆ ಬಾಯಿ ಮುಚ್ಚಿಕೊಂಡಿರುತ್ತದೆ. ನಾನು ಕಂಡುಕೊಂಡ ಉಪಾಯವೆಂದರೆ ಮನೆಯೊಳಗೆ ವಾಚನ್ನು ಬಿಚ್ಚಿ, ತೋಟದ ಚಪ್ಪಲಿ ಇಡುವ ಜಾಗದ ಮೇಲಿನ ಮೊಳೆಗೆ ನೇತುಹಾಕುವುದು. ಚಪ್ಪಲಿ ಮೆಟ್ಟುವಾಗ ವಾಚು ಕಟ್ಟಿದರೆ, ಅಂಗಳ ದಾಟುವುದರೊಳಗೆ ಅದು ತನ್ನ ಕೆಲಸ ಮಾಡುತ್ತದೆ.

ಬೋರ್ಡೋ ದ್ರಾವಣ ಸಿಂಪಡಿಸುವ ದಿನ ವಾಚು ಕಟ್ಟುವುದು ಸಾಧ್ಯವಿಲ್ಲ, ಮೈಲುತುತ್ತ ಅದರ ಲೋಹವನ್ನು ತಿನ್ನುತ್ತದೆ. ಆ ದಿನಗಳಿಗೆ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊರಳಿನ ದಾರಕ್ಕೆ ಕಟ್ಟಿ ಅಂಗಿಯ ಒಳಗೆ ಇಳಿಬಿಡುವುದೇ ಕ್ಷೇಮ. ಹಾಗೆ ನೋಡಿದರೆ ಇದರ ಕ್ರಯ ಹತ್ತಿಪ್ಪತ್ತು ರೂಪಾಯಿ, ಸೆಲ್ಲೂ ಬೇಡ.

ಸೆಲ್ಲಿನ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಬಿಲ್ಲೆಗಳಲ್ಲಿ ಹೆಚ್ಚಾಗಿ ಇರುವುದು 2032 ನಂಬರಿನ ಚಪ್ಪಟೆ ಸೆಲ್ಲು. ಚಿಕ್ಕ ಮಕ್ಕಳು ಅದನ್ನು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಟ್ಟು ಪ್ರಾಣಾಪಾಯ ಆಗಬಹುದು. ನುಂಗಿದ ಸಂಶಯ ಬಂದರೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯತಕ್ಕದ್ದು. ಹಳೆಯ ಸೆಲ್ಲನ್ನು ಜಗುಲಿಯ ಕಟ್ಟೆಯ ಮೇಲೆ ಬಿಡಬೇಡಿ.

ಬಿಲ್ಲೆಯ ಇನ್ನೊಂದು ಗುಣವನ್ನು ಅಂಗಡಿಯವರು ಬಹಳ ಹೊಗಳುತ್ತಾರೆ. ಕಳೆದ ವಸ್ತುವಿನ ಪಕ್ಕದಲ್ಲಿ ಬೇರೆಯವರ ಫೋನು ಹಾದುಹೋದರೆ ಅದರ ಮೂಲಕ ನಮಗೆ ಜಾಗ ತಿಳಿಯುತ್ತದೆ. ಬೆಂಗಳೂರಿನ ಬಸ್ ನಿಲ್ದಾಣದಲ್ಲಿ ಇದು ನಡೆದೀತು. ದಿನಕ್ಕೆ ಇಬ್ಬರು ಹಾಯುವ ತೋಟದಲ್ಲಿ, ಅವರಲ್ಲಿ ಒಬ್ಬರ ಫೋನು ಗುಂಡಿ ಒತ್ತುವ ಹಳೆಯ ಕಾಲದ್ದಾದರೆ, ಇದರಿಂದ ಏನೂ ಆಗದು.

ಇಷ್ಟಾಗಿಯೂ ಫೋನು ಎಲ್ಲೋ ಉಳಿಯಿತೆನ್ನೋಣ. ಆಂಡ್ರಾಯ್ಡ್ ಫೋನಾದರೆ ಮನೆಯ ಇನ್ನೊಬ್ಬರ ಫೋನಿನಿಂದ ತಮ್ಮ ಗೂಗಲ್ ಖಾತೆಗೆ ಪ್ರವೇಶಿಸಿ ಅದನ್ನು ಕೂಗಿಸಬಹುದು. ಸದ್ದು ಅಡಗಿಸಿಟ್ಟಿದ್ದರೂ ಐದು ನಿಮಿಷ ಪೂರ್ಣ ಸ್ವರದಲ್ಲಿ ಕೂಗುತ್ತದೆ. ಆದರೆ ಅದು ಇರುವಲ್ಲಿ ಅಂತರ್ಜಾಲ ಬೇಕು. ಪೇಟೆಯಲ್ಲಿ, ಬಸ್ಸಿನಲ್ಲಿ ಹೋದದ್ದಾದರೆ ಕಾಯುತ್ತ ಕೂರದೆ ಸಿಮ್ ನಿಲ್ಲಿಸಿ ಬ್ಯಾಂಕಿಗೆ ತಿಳಿಸಿ, ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ಕೇಂದ್ರ ದೂರಸಂಪರ್ಕ ಇಲಾಖೆ 2023ರ ಮೇ ತಿಂಗಳಲ್ಲಿ ಆರಂಭಿಸಿದ ‘ಸಂಚಾರ್ ಸಾಥಿ’ ತಾಣದಲ್ಲಿ ಆ ದೂರಿನ ಪ್ರತಿಯೊಂದಿಗೆ ಅರ್ಜಿ ಹಾಕಿದರೆ, ಬೇರೆ ಸಿಮ್ ಹಾಕಿದರೂ ನಡೆಯದಂತೆ ಫೋನನ್ನು ದೇಶದ ಎಲ್ಲ ಕಂಪೆನಿಗಳ ಜಾಲದಲ್ಲಿಯೂ ತಡೆಹಿಡಿಯುತ್ತಾರೆ. ಫೋನು ಸಿಕ್ಕಿದ ಮೇಲೆ ಅಲ್ಲಿಯೇ ತೆರವು ಮಾಡಿಸಿಕೊಳ್ಳಬಹುದು. ಖಾತೆಯಿಂದ ಹಣ ಹೋಗಿದ್ದರೆ 1930 ಸಂಖ್ಯೆಗೆ ಕೂಡಲೇ ಕರೆ ಮಾಡಬೇಕು.

ಅರ್ಜಿಗೆ ಬೇಕಾಗುವುದು ಫೋನಿನ ಹದಿನೈದು ಅಂಕಿಯ ಐ.ಎಂ.ಇ.ಐ. ಸಂಖ್ಯೆ. *#06# ಎಂದು ಒತ್ತಿದರೆ ಪರದೆಯ ಮೇಲೆ ಮೂಡುತ್ತದೆ. ಎರಡು ಸಿಮ್ಮಿನ ಫೋನಿಗೆ ಎರಡು ಸಂಖ್ಯೆ ಇರುತ್ತವೆ. ಇದನ್ನು ಫೋನಿನಲ್ಲೇ ಬರೆದಿಟ್ಟವರು ನಮ್ಮ ಸದಸ್ಯರಲ್ಲೇ ಇಬ್ಬರಿದ್ದಾರೆ. ಸಂಘದ ಪಾಸ್ ಪುಸ್ತಕದ ಕೊನೆಯ ಪುಟದಲ್ಲಿ ಜಾಗ ಖಾಲಿ ಇರುತ್ತದೆ, ಅಲ್ಲಿ ಬರೆದುಕೊಳ್ಳಬಹುದು.