ಅಗರ–ಬೆಳ್ಳಂದೂರು: ಎರಡು ಕೆರೆಗಳ ನಡುವಿನ ನೆಲ

ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟ್‌ನ ಮಗ್ಗುಲಲ್ಲಿ ಅಗರ ಕೆರೆ ಇದೆ. ಮೇಲಿನ ಮಡಿವಾಳ ಕೆರೆ ತುಂಬಿದರೆ ನೀರು ಇಲ್ಲಿಗೆ ಬರುತ್ತದೆ. ಅಗರದ ಕೋಡಿ ಹರಿದರೆ ನೀರು ಔಟರ್ ರಿಂಗ್ ರೋಡ್ ದಾಟಿ, ಇಳಿಜಾರು ಹಿಡಿದು, ಸುಮಾರು 900 ಎಕರೆ ಹರವಿನ ಬೆಳ್ಳಂದೂರು ಕೆರೆ ಸೇರುತ್ತದೆ. ಅಲ್ಲಿಂದ ಯಮಲೂರು ಕೋಡಿ, ವರ್ತೂರು ಕೆರೆ, ಕಡೆಗೆ ದಕ್ಷಿಣ ಪಿನಾಕಿನಿ. ಈ ಸಾಲಿನಲ್ಲಿ ಅಗರಕ್ಕೂ ಬೆಳ್ಳಂದೂರಿಗೂ ನಡುವೆ ಇರುವ ಜೌಗು ನೆಲ ಹತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಕೋರ್ಟು ಕಚೇರಿಗಳ ಮಾತಾಗಿದೆ.

ಕೆರೆ ಕಟ್ಟುವ ವಿದ್ಯೆ ಇಲ್ಲಿಯವರಿಗೆ ಹೊಸದಲ್ಲ. ಕ್ರಿ.ಶ. 870ರ ಸುಮಾರಿನ ಗಂಗರ ಕಾಲದ ಅಗರದ ಶಾಸನದಲ್ಲಿ, ಇರುಗಮಯ್ಯನ ಮಗ ಎರಡು ಕೆರೆಗಳಿಗೆ ತೂಬು ಇಡಿಸಿ ಮತ್ತೊಂದು ಕೆರೆ ಕಟ್ಟಿಸಿದ ಸಂಗತಿ ಇದೆ. ಸಾವಿರ ವರ್ಷದ ಹಿಂದೆಯೂ ಒಂದು ಕೆರೆಯನ್ನು ಒಂಟಿಯಾಗಿ ಯಾರೂ ಎಣಿಸುತ್ತಿರಲಿಲ್ಲ.

ನಮ್ಮ ಕೆರೆಯ ದಡ ಸುತ್ತಲೂ ಒಂದೇ ಬಗೆಯದಲ್ಲ. ಏರಿಯ ಕಡೆ ನೀರು ಆಳ, ಅಂಚು ಗಟ್ಟಿ. ಎದುರು ಬದಿಯಲ್ಲಿ, ಅಂದರೆ ನೀರು ಒಳಬರುವ ಕೆರೆಯಂಗಳದ ಕಡೆ, ದಡವೆಂಬುದು ತೆಳುವಾದ ಇಳಿಜಾರು. ಮಳೆಗಾಲದಲ್ಲಿ ನೀರು ಅಲ್ಲಿ ದೂರದವರೆಗೆ ಹಬ್ಬುತ್ತದೆ. ಬೇಸಿಗೆಯಲ್ಲಿ ಅಷ್ಟೇ ದೂರ ಹಿಂದೆ ಸರಿಯುತ್ತದೆ. ಹೀಗೆ ನೆನೆದು ಒಣಗುವ ನೆಲದಲ್ಲೇ ಜೊಂಡು, ಆಪು ಬೆಳೆಯುವುದು. ಓಡಿ ಬಂದ ನೀರು ಜೊಂಡಿಗೆ ಸಿಕ್ಕಿ ನಿಧಾನವಾಗುತ್ತದೆ, ಹೂಳು ಅಲ್ಲೇ ತಂಗುತ್ತದೆ, ಕೊಳಚೆಯೊಂದಿಗೆ ಬಂದ ಸಾರಜನಕ, ರಂಜಕದ ಒಂದಷ್ಟು ಪಾಲನ್ನು ಗಿಡಗಳು ಹೀರುತ್ತವೆ. ನೀರುಕೋಳಿಗಳು ಗೂಡು ಕಟ್ಟುವುದೂ ಅಲ್ಲೇ. ಬೇಸಿಗೆಯಲ್ಲಿ ನಿವೇಶನ ನೋಡಲು ಬಂದವರ ಕಣ್ಣಿಗೆ ಇದೆಲ್ಲ ಬರೀ ಪಾಳು ಜಾಗವಾಗಿ ಕಂಡೀತು.

ಅಗರದ ಕೋಡಿಯಿಂದ ಕೆಳಗಿನ ನೆಲ ಬೆಳ್ಳಂದೂರಿಗೆ ಇಂಥ ಅಂಗಳವೇ. ಅಲ್ಲಿ ಕಚೇರಿ, ಹೋಟೆಲ್, ಮಾಲ್, ಅಪಾರ್ಟ್‌ಮೆಂಟ್‌ಗಳ ಎರಡು ದೊಡ್ಡ ಯೋಜನೆಗಳು ಎದ್ದಾಗ ನಾಗರಿಕರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿದರು. 2015ರ ಮೇ ತಿಂಗಳಲ್ಲಿ ಮಂಡಳಿ ಒಂದು ಯೋಜನೆಗೆ 117.35 ಕೋಟಿ, ಇನ್ನೊಂದಕ್ಕೆ 22.5 ಕೋಟಿ ರೂಪಾಯಿ ದಂಡ ವಿಧಿಸಿತು. ಮರುವರ್ಷ ಮೇ 4ರಂದು ಇಡೀ ಬೆಂಗಳೂರಿಗೆ ಅನ್ವಯವಾಗುವ ಆದೇಶ ಬಂತು: ಕೆರೆಯ ಅಂಚಿನಿಂದ 75 ಮೀಟರ್, ರಾಜಕಾಲುವೆಗಳ ಅಂಚಿನಿಂದ ದರ್ಜೆಗೆ ತಕ್ಕಂತೆ 50, 35, 25 ಮೀಟರ್ ಒಳಗೆ ಕಟ್ಟುವಂತಿಲ್ಲ. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಈ ಭಾಗವನ್ನು ರದ್ದುಪಡಿಸಿತು. ಶಾಸನಬದ್ಧ ಮಹಾಯೋಜನೆಯನ್ನು ತಿದ್ದುವ ಅಧಿಕಾರ ನ್ಯಾಯಮಂಡಳಿಗೆ ಇಲ್ಲ ಎಂಬುದು ಕಾರಣ. ಕೆರೆಗೆ ಹಳೆಯ 30 ಮೀಟರ್ ಮರಳಿತು. ಕಾಲುವೆಗಳಿಗೆ 50, 25, 15 ಮೀಟರ್. ಅದೂ ಅಂಚಿನಿಂದಲ್ಲ, ಕಾಲುವೆಯ ನಡುಮಧ್ಯದಿಂದ ಅಳೆದು. ಇಪ್ಪತ್ತು ಮೀಟರ್ ಅಗಲದ ಕಾಲುವೆಯಾದರೆ ಮೀಸಲಿನ ಹತ್ತು ಮೀಟರ್ ನೀರಿನೊಳಗೇ ಮುಗಿದುಹೋಗುತ್ತದೆ! ಸುದ್ದಿಯಾದದ್ದು 75 ಮತ್ತು 30ರ ಜಗಳ. ಟೇಪಿನ ತುದಿಯನ್ನು ಎಲ್ಲಿ ಹಿಡಿಯಬೇಕು ಎಂಬುದೂ ಅಷ್ಟೇ ದೊಡ್ಡ ಪ್ರಶ್ನೆ ಎಂದು ನನಗೆ ಅನ್ನಿಸುತ್ತದೆ.

2025ರ ಆಗಸ್ಟ್‌ನಲ್ಲಿ ರಾಜ್ಯ ವಿಧಾನಮಂಡಲ ಒಪ್ಪಿದ ತಿದ್ದುಪಡಿ ಮಸೂದೆ ಕೆರೆಯ ಗಾತ್ರ ನೋಡಿ ಮೀಸಲು ಹಂಚಿತು. 100 ಎಕರೆ ಮೀರಿದ ಕೆರೆಗೆ 30 ಮೀಟರ್, ಒಂದರಿಂದ ಹತ್ತು ಎಕರೆಯ ಕೆರೆಗೆ ಬರೀ 6. ಇದನ್ನು ಒಪ್ಪುವುದು ನನಗೆ ಕಷ್ಟ. ಸರಪಳಿಯ ತಲೆಯಲ್ಲಿರುವ ಪುಟ್ಟ ಕಟ್ಟೆಗಳೇ ಮೊದಲ ಮಳೆಯನ್ನು ತಡೆದು ನಿಲ್ಲಿಸುವವು. ಅವುಗಳ ದಡ ಕಿರಿದಾದಷ್ಟೂ ಹೂಳು, ಪ್ರವಾಹ ಎರಡೂ ಕೆಳಗಿನ ದೊಡ್ಡ ಕೆರೆಗೆ ಇಳಿಯುತ್ತವೆ.

ಬೆಳ್ಳಂದೂರಿನ ನೊರೆ, 2015, 2017, 2018ರಲ್ಲಿ ಅಲ್ಲಿ ಎದ್ದ ಬೆಂಕಿ ಜಗತ್ತಿಗೇ ಗೊತ್ತು. ನೊರೆಗೆ ಮುಖ್ಯ ಕಾರಣ ಊರಿನ ಒಳಚರಂಡಿ ನೀರು. ಅದನ್ನು ಬರೀ ದಡದ ಕಟ್ಟಡಗಳ ತಲೆಗೆ ಕಟ್ಟಲಾಗದು. ಆದರೆ 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಔಟರ್ ರಿಂಗ್ ರೋಡ್, ಸರ್ಜಾಪುರ ರಸ್ತೆಯ ಬಡಾವಣೆಗಳು ಮುಳುಗಿ, ಜನ ಟ್ರ್ಯಾಕ್ಟರ್ ಏರಿ ಕೆಲಸಕ್ಕೆ ಹೋಗುವಂತಾದಾಗ ಕಾಲುವೆಯ ದಾರಿಯ ಮೇಲೆ ಕಟ್ಟಿದ್ದರ ಲೆಕ್ಕ ಎಲ್ಲರಿಗೂ ಸಿಕ್ಕಿತು.

ದಡದ ಬಳಿ ಕಟ್ಟಲೇಬೇಕಾದರೆ ಕೆಲಸ ಶುರುವಾಗಬೇಕಾದ್ದು ನೆಲದ ಮಟ್ಟಗಳನ್ನು ಗುರುತಿಸುವುದರಿಂದ. ಒಂದು ಜೋರು ಮಳೆಯಲ್ಲಿ ನೀರು ಎಲ್ಲಿವರೆಗೆ ಏರುತ್ತದೆ, ಯಾವ ಕಡೆಯಿಂದ ಒಳಬರುತ್ತದೆ ಎಂಬುದು ನಕ್ಷೆಗೆ ಬಂದ ಮೇಲೆ ತಾನೇ ಅಡಿಪಾಯ, ನೆಲಮಾಳಿಗೆಯ ಮಾತು. ಅಗೆದ ಮಣ್ಣನ್ನು ಇಳಿಜಾರಿನ ಅಂಚಿನಲ್ಲಿ ಗುಡ್ಡೆ ಹಾಕಿದರೆ ಒಂದೇ ಮಳೆಗೆ ಅದು ಕೆರೆಯೊಳಗಿರುತ್ತದೆ. ಕೆರೆ ಅಭಿವೃದ್ಧಿಯ ಹೆಸರಿನಲ್ಲಿ ನಡೆಯುವ ಕೆಲಸಕ್ಕೂ ಇದೇ ಎಚ್ಚರ ಬೇಕು. ಸುತ್ತಲೂ ಕಲ್ಲು ಕಟ್ಟಿ, ವಾಕಿಂಗ್ ಪಾತ್ ಹಾಕಿದರೆ ನೋಟ ಚೆಂದವೇ. ಆದರೆ ಅಂಗಳದ ಕಡೆಯೂ ಕಲ್ಲು ಬಂದರೆ ಜೊಂಡಿಗೆ ಬೇರೂರುವ ಜಾಗ ಉಳಿಯುವುದಿಲ್ಲ, ಬದಿಯಿಂದ ಹರಿದು ಬರುವ ಮಳೆನೀರಿಗೆ ಬಾಗಿಲು ಮುಚ್ಚುತ್ತದೆ. ಆ ಭಾಗದ ದಾರಿಯನ್ನು ಕಂಬಗಳ ಮೇಲೆ ಎತ್ತಿ ಕಟ್ಟಬಹುದು, ಇಲ್ಲವೇ ಕೆರೆಯಿಂದ ದೂರಕ್ಕೆ ಬಳಸಿ ಒಯ್ಯಬಹುದು.

ಮನೆ ಕೊಳ್ಳುವವರ ಕೈಯಲ್ಲೂ ಒಂದು ಸಾಧನವಿದೆ. ಕಂದಾಯ ಇಲಾಖೆಯ ಹಳೆಯ ಗ್ರಾಮ ನಕಾಶೆಗಳಲ್ಲಿ ಕೆರೆ, ಕಟ್ಟೆ, ಹಳ್ಳ, ಕಾಲುವೆಗಳ ಗುರುತು ಇದೆ. ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ಮುಂಗಡ ಹಣ ಕೊಡುವ ಮೊದಲು ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಸಾಧ್ಯವಾದರೆ ಜಾಗವನ್ನು ಜೋರು ಮಳೆಯ ಮರುದಿನವೇ ಹೋಗಿ ನೋಡಿ.