ಥ್ಯಾಕರೆಯ ಗಡುವು

ಕಚೇರಿ, ಕಾರ್ಖಾನೆ, ಸಹಕಾರಿ ಸಂಘಗಳನ್ನು ನಡೆಸುವವರು ದಿನವೂ ಹತ್ತಾರು ತೀರ್ಮಾನಗಳನ್ನು ಕೈಗೊಳ್ಳಬೇಕಾಗುತ್ತದೆ. ಎಲ್ಲ ಸಂಗತಿಗಳೂ ತಿಳಿಯಲೆಂದು ಕಾಯುತ್ತ ಕುಳಿತರೆ ಕೆಲಸ ಸಾಗದು. ಅವರಿಗೆ ಆತ್ಮವಿಶ್ವಾಸ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಯಾವ ಗಳಿಗೆಯಲ್ಲಿ ಅತಿವಿಶ್ವಾಸವಾಗಿ ತಿರುಗುತ್ತದೆ? ನಾನು ಕನ್ನಡ ಕಲಿಸಿ ನಿವೃತ್ತನಾದವನು. ಆಡಳಿತಶಾಸ್ತ್ರ ನನ್ನ ಕ್ಷೇತ್ರವಲ್ಲ. ಆದರೂ ಬೈಲಹೊಂಗಲ ಸೀಮೆಯವರಾದ ನಾವು ಈ ಪ್ರಶ್ನೆಯನ್ನು ಹಿಡಿದುಕೊಂಡು ದೂರ ಹೋಗಬೇಕಾಗಿಲ್ಲ. ಕಿತ್ತೂರು ಕೋಟೆಯ ಬಾಗಿಲವರೆಗೆ ಹೋದರೆ ಸಾಕು.

1824ರಲ್ಲಿ ಸೇಂಟ್ ಜಾನ್ ಥ್ಯಾಕರೆ ಧಾರವಾಡದ ಕಲೆಕ್ಟರನೂ ಪೊಲಿಟಿಕಲ್ ಏಜೆಂಟನೂ ಆಗಿದ್ದ. ಇಂಗ್ಲಿಷ್ ಕಾದಂಬರಿಕಾರ ಥ್ಯಾಕರೆಗೆ ಈತ ಚಿಕ್ಕಪ್ಪ. ಇಂದಿನ ಮಾತಿನಲ್ಲಿ ಹೇಳುವುದಾದರೆ ಕಂಪನಿಯ ಪ್ರಾದೇಶಿಕ ಮ್ಯಾನೇಜರ್. ಅನುಭವಕ್ಕೇನೂ ಕೊರತೆಯಿರಲಿಲ್ಲ, ತೊಡಕು ಇದ್ದದ್ದು ಆ ಅನುಭವದಲ್ಲಿಯೇ. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದಿತ್ತು. ಬೆಳಗಾವಿಯ ಮುತ್ತಿಗೆಯಲ್ಲಿ ಸ್ವತಃ ಕಿತ್ತೂರೇ ಕಂಪನಿಗೆ ನೆರವಾಗಿತ್ತು. ಕಪ್ಪ ಕೊಡುವ ಚಿಕ್ಕ ಸಂಸ್ಥಾನವೊಂದು ತಿರುಗಿ ನಿಂತೀತೆಂಬುದು ಅವನ ಎಣಿಕೆಗೆ ಬಂದಂತೆ ತೋರುವುದಿಲ್ಲ.

ಆ ವರ್ಷದ ಸೆಪ್ಟೆಂಬರಿನಲ್ಲಿ ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡ. ದತ್ತಕದ ಪತ್ರವನ್ನು ಥ್ಯಾಕರೆ ನಂಬಲಿಲ್ಲ. ಸಂಶಯಪಡುವುದು ಅಧಿಕಾರಿಯ ಹಕ್ಕು, ಅದನ್ನು ನಾನು ಆಕ್ಷೇಪಿಸೆ. ಆದರೆ ಅವನು ಸಂಶಯವನ್ನೇ ನಿರ್ಣಯವೆಂದು ಹಿಡಿದು ಖಜಾನೆಗೆ ಮುದ್ರೆಯೊತ್ತಿಸಿದ, ಕಾವಲು ಹಾಕಿಸಿದ. ಅಕ್ಟೋಬರ್ 23ರ ಬೆಳಿಗ್ಗೆ ಕೋಟೆಯ ಬಾಗಿಲು ಮುಚ್ಚಿತ್ತು. ಇಲ್ಲಿ ತುಸು ನಿಲ್ಲೋಣ. ಆ ಮುಚ್ಚಿದ ಬಾಗಿಲು ಅವನಿಗೆ ಬಂದ ಒಂದು ಸುದ್ದಿ. ಅವನ ಲೆಕ್ಕ ತಪ್ಪಿದೆಯೆಂಬ ಸುದ್ದಿ. ಧಾರವಾಡವು ಸುಮಾರು 30 ಕಿಲೋಮೀಟರು ಮಾತ್ರ. ಹಿಂದಿರುಗಬಹುದಿತ್ತು, ಮಾತುಕತೆ ಹೂಡಬಹುದಿತ್ತು. ಅವನು ಅಲ್ಪಕಾಲದ ಗಡುವು ಕೊಟ್ಟು, ಬಾಗಿಲನ್ನು ತೋಪಿನಿಂದ ಒಡೆಯಿಸುವೆನೆಂದು ಬೆದರಿಸಿದ. ಬಾಗಿಲೇನೋ ತೆರೆಯಿತು, ಹೊರಗೆ ನುಗ್ಗಿದ್ದು ಚನ್ನಮ್ಮನ ದಂಡು. ಥ್ಯಾಕರೆ ಅಲ್ಲಿಯೇ ಬಿದ್ದ. ಗುಂಡು ಅಮಟೂರ ಬಾಳಪ್ಪನದೆಂದು ನಾಡು ಹೇಳುತ್ತ ಬಂದಿದೆ. ಸಹಾಯಕರಾದ ಎಲಿಯಟ್, ಸ್ಟೀವನ್ಸನ್ ಇಬ್ಬರೂ ಸೆರೆಯಾದರು.

ಎರಡನೆಯ ಸಲ ಕಂಪನಿ ಹೀಗೆ ಬರಲಿಲ್ಲ. ಕಮಿಷನರ್ ಚಾಪ್ಲಿನ್ ದೊಡ್ಡ ದಂಡು ಕೂಡಿಸಿಕೊಂಡೇ ಬಂದ. ಡಿಸೆಂಬರ್ 5ರಂದು ಕಿತ್ತೂರು ಬಿದ್ದಿತು. ಬೈಲಹೊಂಗಲದ ಸೆರೆಯಲ್ಲಿ ಚನ್ನಮ್ಮ 1829ರ ಫೆಬ್ರುವರಿ 2ರಂದು ಕಣ್ಣು ಮುಚ್ಚಿದಳು. ಎಚ್ಚರದ ಲೆಕ್ಕಾಚಾರ ಅಂದು ಅನ್ಯಾಯದ ಕೈಯಲ್ಲಿತ್ತೆಂಬುದನ್ನು ನೆನೆದಾಗ ಮನಸ್ಸಿಗೆ ಕಹಿಯಾಗುತ್ತದೆ.

ಅತಿವಿಶ್ವಾಸಕ್ಕೆ ಮೇವು ಹಾಕುವವರೂ ಇರುತ್ತಾರೆ. ಮಲ್ಲಪ್ಪಶೆಟ್ಟಿ, ವೆಂಕಟರಾಯರ ದ್ರೋಹವನ್ನು ಕುರಿತು ನಮ್ಮ ಜನ ಬಹಳ ಆಡಿದ್ದಾರೆ. ಖಜಾನೆಯ ಕೀಲಿ ತೋರಿಸಬಲ್ಲ ಮನೆಮುರುಕರು ಸಾಹೇಬರಿಗೆ ಎಂದೂ ಸಿಗುತ್ತಾರೆ. ಕೋಟೆಯೊಳಗಿನ ಜನರ ಮನಸ್ಸನ್ನು ಅಂಥವರು ತಿಳಿಸಲಾರರು. ಇಂದಿನ ಕಚೇರಿಗಳಲ್ಲಿಯೂ ಹಿತವಾದ ಸುದ್ದಿಯೇ ಮೊದಲು ಮೇಜಿಗೆ ಬರುತ್ತದೆ. ತಮ್ಮ ಮಾತೇ ಹತ್ತು ಬಾಯಿಗಳಿಂದ ಹಿಂದಿರುಗಿದಾಗ ಮೇಲಧಿಕಾರಿಗಳು ಅದನ್ನು ಒಮ್ಮತವೆಂದು ಬಗೆಯುತ್ತಾರೆ.

ಇದು ಒಬ್ಬಿಬ್ಬರ ಸ್ವಭಾವದೋಷವಲ್ಲವೆಂಬುದಕ್ಕೆ ಈಚಿನ ಆಧಾರವೊಂದಿದೆ. ಬೆನ್-ಡೇವಿಡ್, ಗ್ರಹಾಂ, ಹಾರ್ವಿ ಎಂಬ ಮೂವರು ವಿದ್ವಾಂಸರು 2013ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಅಮೆರಿಕದ ಕಂಪನಿಗಳ ಹಣಕಾಸು ಮುಖ್ಯಸ್ಥರನ್ನು ಅವರು ಕೇಳಿದ್ದು ಇಷ್ಟೆ: ಶೇರುಪೇಟೆಯ ಲಾಭ ಎಷ್ಟರಿಂದ ಎಷ್ಟರೊಳಗೆ ಇದ್ದೀತು? ನೂರಕ್ಕೆ 80ರಷ್ಟು ಖಚಿತವಾಗಿ ಹೇಳಿ. ನಿಜವಾದ ಫಲ ಅವರು ಗೆರೆಯೆಳೆದ ಎಲ್ಲೆಯೊಳಗೆ ಬಂದದ್ದು ನೂರಕ್ಕೆ 36 ಸಲ ಮಾತ್ರ. ಮುಂದಿನದನ್ನು ಹೇಳುವಾಗ ತಪ್ಪುವುದು ಸಹಜ. ತಾವು ತಪ್ಪಬಹುದಾದ ಅಳತೆಯನ್ನೇ ಅವರು ಇಷ್ಟು ಕಿರಿದು ಮಾಡಿಕೊಂಡದ್ದು ಸೋಜಿಗ. ಇಂಥವರ ಕಂಪನಿಗಳು ಹೆಚ್ಚು ಹೂಡುತ್ತವೆ, ಹೆಚ್ಚು ಸಾಲವನ್ನೂ ಮಾಡುತ್ತವೆ.

ನಮ್ಮ ಸವದತ್ತಿಯ ಕಡೆಗೆ ನೋಡಿರಿ. ನವಿಲುತೀರ್ಥದಲ್ಲಿ 1970ರ ದಶಕದಲ್ಲಿ ಮಲಪ್ರಭೆಗೆ ಕಟ್ಟಿದ ಜಲಾಶಯ ಸುಮಾರು 37 ಟಿಎಂಸಿ ನೀರು ಹಿಡಿಯಬಲ್ಲದು. ಅನೇಕ ವರ್ಷ ಅದು ತುಂಬಲಿಲ್ಲ. ಕಾಲುವೆಯ ಕೊನೆಯ ಹೊಲಗಳಿಗೆ ನೀರು ಮುಟ್ಟದಿದ್ದರೂ ಅಭಿವೃದ್ಧಿ ಕರದ ನೋಟೀಸು ಮುಟ್ಟಿತು. 1980ರ ಜುಲೈಯಲ್ಲಿ ನರಗುಂದ, ನವಲಗುಂದಗಳಲ್ಲಿ ರೈತರು ಎದ್ದರು, ಗೋಲೀಬಾರೂ ನಡೆಯಿತು. ಕಾಗದದ ಮೇಲಿನ ನೀರನ್ನು ಹೊಲದ ನೀರೆಂದು ಎಣಿಸಿದ ಆಡಳಿತದ ಕಥೆಯಿದು. ಬರಿದಾದ ನದಿಯನ್ನು ನೋಡಿ ನೋಡಿ, ಅದು ಉಕ್ಕಲಾರದೆಂಬ ಬೇರೊಂದು ನೆಚ್ಚಿಕೆಯೂ ಹುಟ್ಟಬಹುದು. 2019ರ ಆಗಸ್ಟಿನಲ್ಲಿ ಮಲಪ್ರಭೆ ರಾಮದುರ್ಗದೊಳಕ್ಕೆ ನುಗ್ಗಿದಳು.

ಉಪಾಯವಿಲ್ಲವೆ ಎಂದು ನೀವು ಕೇಳಬಹುದು. ಗ್ಯಾರಿ ಕ್ಲೈನ್ ಎಂಬ ಮನೋವಿಜ್ಞಾನಿ ಮರಣೋತ್ತರ ಪರೀಕ್ಷೆಯನ್ನು ಮರಣಕ್ಕೆ ಮೊದಲೇ ಮಾಡಿಸುತ್ತಾನೆ. ಯೋಜನೆ ಹೊರಡುವ ಮುನ್ನ ಎಲ್ಲರನ್ನೂ ಕೂಡಿಸಿ, ಅದು ಕೆಟ್ಟುಹೋಗಿದೆಯೆಂದೇ ತಿಳಿದುಕೊಂಡು ಕಾರಣಗಳನ್ನು ಬರೆಯಿರೆಂದು ಹೇಳುವುದು. ಹೆಸರಿಲ್ಲದ ಚೀಟಿಗಳಾದರೆ ಇನ್ನೂ ಲೇಸೆಂದು ನನ್ನ ಅಭಿಪ್ರಾಯ. ಅಕ್ಟೋಬರ್ 22ರ ರಾತ್ರಿ ಥ್ಯಾಕರೆಯ ಡೇರೆಯಲ್ಲಿ ಹೀಗೆ ಕೇಳಿದ್ದರೆ, ‘ಕೋಟೆಯವರೇ ಬಾಗಿಲು ತೆರೆದು ಮೇಲೆ ಬಿದ್ದರೆ?’ ಎಂದು ಒಬ್ಬನಾದರೂ ಬರೆಯುತ್ತಿದ್ದನೇನೋ. ಎಲಿಯಟನಿಗೆ ಆಗ 21 ವರ್ಷ. ಆ ವಯಸ್ಸಿನವನು ಸಾಹೇಬನಿಗೆ ಅಷ್ಟು ಹೇಳಬೇಕಾದರೆ ಚೀಟಿಯ ಮರೆಯಾದರೂ ಬೇಕಿತ್ತು.